ರೆಕ್ಕೆ ಮಡಚುವ ನರ

ಜೇನು ಅಳಿದ ಮೇಲೆ ವಿಜಯಪುರದ ದಾಳಿಂಬೆ ತೋಟಗಳಲ್ಲಿ ಹೂವಿಂದ ಹೂವಿಗೆ ಪರಾಗ ಒಯ್ಯುವ ಕೆಲಸ ದುಂಬಿಗಳದಾಗಿತ್ತು. ಬೇಕಾದತ್ತ ಹಾರಿಸಲು ಅವುಗಳ ರೆಕ್ಕೆಯ ಸ್ನಾಯುವಿಗೆ ಹೋಗುವ ನರಕ್ಕೆ ಕೂದಲೆಳೆಯಂಥ ತಂತಿ ಬೆಸೆಯುವುದು ಮಹಾನಂದಾಳ ಕೆಲಸ.

ಅಂದು ಮ್ಯಾನೇಜರ್ ಬಂದು, "ರೆಕ್ಕೆ ಮಡಚೋ ನರಾನೂ ಕತ್ತರಿಸ್ರಿ. ಕೂತು ಹೊತ್ತು ಕಳೀತಾವ," ಎಂದ.

ಅವಳು ಒಂದು ದುಂಬಿಯ ಆ ನರ ಕತ್ತರಿಸಿ ಹಾರಬಿಟ್ಟಳು. ಅದು ಇಳಿಯಲು ಕಾಲು ಚಾಚುತ್ತಲೇ ಕೋಣೆಯೆಲ್ಲ ಸುತ್ತಿ, ಕೊನೆಗೆ ಸತ್ತು ಮೇಜಿನ ಮೇಲೆ ಬಿತ್ತು.

"ಸಾಯೂತನಕ ಹಾರಸ್ತೀರೇನ್ರಿ?"

"ಹುಳಕ್ಕ ಏನ್ ತಿಳೀತದ? ಉಳಿದವ್ನೂ ಮುಗಸ್ರಿ."

"ನನಗ ತಿಳೀತದಲ್ರಿ," ಎಂದವಳೇ ಕತ್ತರಿಯನ್ನು ಅವನ ಮುಂದೆ ಎಸೆದು, ಕಿಟಕಿ ತೆರೆದು, ಇನ್ನೂ ತಂತಿ ಹಾಕದ ದುಂಬಿಗಳ ಪೆಟ್ಟಿಗೆಯನ್ನು ಹೊರಗೆ ಬೋರಲು ಹಾಕಿದಳು.

ಮ್ಯಾನೇಜರ್ ಕೂಗಾಡುತ್ತಲೇ ಇದ್ದ. ದುಂಬಿಗಳು ಎದುರಿನ ಬೇವಿನ ಮರಕ್ಕೆ ಹೋಗಿ, ರೆಕ್ಕೆ ಮಡಚಿ ಕೂತವು.