ಎಡಗಡೆಯ ರೆಕ್ಕೆ

ಹತ್ತಿಯಿಂದ ಸ್ಪಿರಿಟ್ ತೊಟ್ಟಿಕ್ಕಿ, ಪೆಟ್ಟಿಗೆಯಲ್ಲಿ ಪಿನ್ನು ಚುಚ್ಚಿಟ್ಟಿದ್ದ ಒಣ ಚಿಟ್ಟೆಯ ಎಡ ರೆಕ್ಕೆಯ ಮೇಲೆ ಬಿದ್ದದ್ದೇ ತಡ, ನೀಲಿ ಮಾಯವಾಯಿತು. ಅಲ್ಲಿಯವರೆಗೆ ಫಳಫಳ ಹೊಳೆಯುತ್ತಿದ್ದ ರೆಕ್ಕೆ ಪಾಚಿಯ ಬಣ್ಣಕ್ಕೆ ತಿರುಗಿತು. ಸುಜಾತಾ ಹತ್ತಿಯನ್ನು ಥಟ್ಟನೆ ಹಿಂದಕ್ಕೆಳೆದಳು.

ಶಿವಾಜಿನಗರದ ಆ ಫ್ರೇಮ್ ಅಂಗಡಿಗೆ ಅವಳು ಸೇರಿ ಒಂಬತ್ತು ದಿನವಾಗಿತ್ತಷ್ಟೆ. ಅದೂ ಮೂರು ತಿಂಗಳು ಅಲೆದ ಮೇಲೆ ಸಿಕ್ಕ ಕೆಲಸ. ಗಿರಾಕಿಯ ಸಾಮಾನು ಕೆಟ್ಟರೆ ಮಾರನೆಯ ದಿನ ಬರಬೇಡ ಎಂದು ಮಾಲೀಕ ಅನೀಸ್ ಮೊದಲ ದಿನವೇ ಹೇಳಿದ್ದ. ಮದುವೆ ಫೋಟೊ ಒಂದಕ್ಕೆ ಗೀರು ಬಿದ್ದದ್ದಕ್ಕೇ ಹಿಂದಿನ ಕೆಲಸದವನನ್ನು ಮನೆಗೆ ಕಳಿಸಿದ್ದನಂತೆ. ಪೆಟ್ಟಿಗೆಗೆ ಕೂರಿಸುವ ಹೊಸ ಗಾಜು ಒರೆಸು ಎಂದರೆ ಪಕ್ಕಕ್ಕಿಟ್ಟು ಒರೆಸಬೇಕು ತಾನೆ? ಚಿಟ್ಟೆಯ ನೆತ್ತಿಯ ಮೇಲೆ ಹಿಡಿದು ಒರೆಸುವವರಿಗೆ ಏನು ಹೇಳೋಣ. ಅನೀಸ್ ನಮಾಜಿಗೆ ಹೋಗಿದ್ದ. ಆದರೆ ಚಿಟ್ಟೆಯ ಒಡತಿ ಮಾರಿಯಾ ಎದುರಿಗೇ ಆಟೊದಿಂದ ಇಳಿಯುತ್ತಿದ್ದರು.

ಕೈಗೆ ಸಿಕ್ಕಿದ್ದು ಫ್ರೇಮಿಗೆ ಬಳಿಯುವ ಮಿರುಗು ನೀಲಿಯ ಡಬ್ಬಿ. ಐದೇ ನಿಮಿಷಕ್ಕೆ ಒಣಗುವಂಥದ್ದು. ಉಸಿರು ಬಿಗಿಹಿಡಿದು ರೆಕ್ಕೆಗೆ ಬಳಿದೇಬಿಟ್ಟಳು. ಬಣ್ಣ ಮೆತ್ತಿದ ಬೆರಳನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

ಮಾರಿಯಾ ಒಳಗೆ ಬಂದು ಸುಧಾರಿಸಿಕೊಂಡು ಕೂತರು. ಅನೀಸ್ ನಮಾಜು ಮುಗಿಸಿ ಚಹಾ ಹಿಡಿದು ಬಂದ. ಚಹಾ ಮುಗಿದ ಮೇಲೆ ಅವರು ಇನ್ನೂ ಗಾಜು ಕೂರಿಸದ ಪೆಟ್ಟಿಗೆಯನ್ನು ಮೂಗಿನ ಹತ್ತಿರ ಹಿಡಿದರು. ಕಣ್ಣಿಗೆ ಪೊರೆ ಬಂದಿತ್ತು.

"ಸ್ಪಿರಿಟ್ ವಾಸನೆ ಅಲ್ವಾ?"

"ಗಾಜು ಒರೆಸಿದೆ ಅಮ್ಮಾರೇ," ಎಂದಳು ಸುಜಾತಾ.

"ನಮ್ಮ ಮನೆಯವ್ರು ಬದುಕಿದ್ದಾಗ ಸ್ಕೂಲಲ್ಲಿ ಮಕ್ಕಳಿಗೆ ಇದ್ರ ಮೇಲೆ ಸ್ಪಿರಿಟ್ ಹಾಕಿ ತೋರಿಸ್ತಿದ್ರು. ನೀಲಿ ಮಾಯ. ನೂರು ಎಣಿಸೋಷ್ಟ್ರಲ್ಲಿ ಒಣಗಿ ವಾಪಸ್ ಬಂದ್ಬಿಡ್ತಿತ್ತು."

"ಹೋದ ಬಣ್ಣ ಹೆಂಗ್ ಬರತ್ತೆ ಆಂಟಿ?" ಅನೀಸ್ ನಕ್ಕ.

"ಬಣ್ಣ ಇದ್ರೆ ತಾನೆ ಹೋಗೋಕೆ? ರೆಕ್ಕೆ ಮೇಲೆ ಧೂಳಿನಂಥ ಹುರುಪೆ ಇರುತ್ತಲ್ಲ, ಬೆಳಕು ಅದಕ್ಕೆ ಬಡಿದು ನೀಲಿಯಾಗಿ ಕಾಣುತ್ತೆ. ಒದ್ದೆಯಾದ್ರೆ ಕಾಣಲ್ಲ, ಅಷ್ಟೇ. ಬ್ರೆಜಿಲ್ ಕಾಡಿನ ಚಿಟ್ಟೆ ಇದು."

ನೂರು ಎಣಿಸಿದ್ದರೆ ಸಾಕಿತ್ತು. ಸುಜಾತಾಳಿಗೆ ಅಳುವೇ ಬಂತು.

"ಬಾಟ್ಲಿ ಕೊಡಮ್ಮ, ನಿಮ್ಮ ಸಾಹೇಬ್ರಿಗೆ ತೋರಿಸ್ತೀನಿ."

"ಬೇಡ ಅಮ್ಮಾರೇ, ಕೆಟ್ಟೋಗತ್ತೆ."

"ನಲವತ್ತು ವರ್ಷ ಕೆಡದೇ ಇರೋದು ಈಗ ಕೆಡುತ್ತಾ?"

ಮಾರಿಯಾ ತಾವೇ ಬಾಟಲಿ ಎಳೆದುಕೊಂಡು ಎರಡೂ ರೆಕ್ಕೆಗಳ ಮೇಲೆ ಸ್ಪಿರಿಟ್ ಹನಿಸಿದರು. ಬಲ ರೆಕ್ಕೆ ಪಾಚಿಯ ಬಣ್ಣಕ್ಕೆ ತಿರುಗಿತು. ಎಡ ರೆಕ್ಕೆ ನೀಲಿಯಾಗಿಯೇ ಉಳಿಯಿತು. ಅನೀಸನ ನಗು ನಿಂತಿತು. ಅವನು ರೆಕ್ಕೆಯನ್ನು ನೋಡಿದ, ಬಣ್ಣದ ಡಬ್ಬಿಯನ್ನು ನೋಡಿದ, ಆಮೇಲೆ ಸುಜಾತಾಳ ದುಪಟ್ಟಾವನ್ನು ನೋಡಿದ.

ಮಾರಿಯಾ ಕಣ್ಣು ಕಿರಿದುಮಾಡಿ ಬಗ್ಗಿದರು. "ನಂಗೆ ಸರಿಯಾಗಿ ಕಾಣಲ್ಲ. ಎರಡರ ನೀಲಿನೂ ಹೋಯ್ತಾ ಮಗಳೇ?"

ಹೂಂ ಅನ್ನು ಎಂದು ಅನೀಸ್ ಕಣ್ಣಲ್ಲೇ ಸನ್ನೆ ಮಾಡಿದ. ಹೂಂ ಎಂದರೆ ಕೆಲಸವೂ ಉಳಿಯುತ್ತಿತ್ತೇನೋ. ಪೆಟ್ಟಿಗೆ ಗೋಡೆಗೆ ಹೋಗುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ.

ಸುಜಾತಾ ದುಪಟ್ಟಾದಿಂದ ಕೈ ಹೊರತೆಗೆದು ಮೇಜಿನ ಮೇಲಿಟ್ಟಳು.

"ಒಂದೇ ಹೋಯ್ತು ಅಮ್ಮಾರೇ. ಇನ್ನೊಂದು ಇನ್ನು ಯಾವತ್ತೂ ಹೋಗಲ್ಲ."