ಒಂದು ಮನೆ ಬಿಟ್ಟರೆ

"ಸಾಧ್ಯವಿಲ್ಲ" ಅಂದಿತು ಪರದೆ. ಮತ್ತೆ ಅದೇ ಮಾತು.

"ಏನಂತೆ ನಿನ್ನ ಪಂಡಿತ?" ಎಂದಳು ಚಿಕ್ಕಮ್ಮ, ಆಕ್ಸಿಜನ್ ಸಿಲಿಂಡರೊಂದನ್ನು ಬಾಗಿಲ ಕಡೆ ಉರುಳಿಸುತ್ತಲೇ. ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಅಕ್ಕನ ಮಗಳು ಪರದೆಯ ಕಡೆ ಇನ್ನಷ್ಟು ಬಾಗಿದಳು.

ಬಿರುಗಾಳಿಗೆ ಬೆಳಿಗ್ಗೆಯೇ ಕರೆಂಟು ಹೋಗಿತ್ತು. ಮನೆಗಳಲ್ಲಿ ಆಮ್ಲಜನಕ ಕೊಡುವ ಯಂತ್ರಗಳು ನಿಂತು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡವರೆಲ್ಲ ತುರ್ತಿಗೆಂದು ಇಟ್ಟ ಪುಟ್ಟ ಸಿಲಿಂಡರನ್ನೇ ನಂಬಿ ಕೂತಿದ್ದರು. ಅದು ಮುಗಿಯುವುದರೊಳಗೆ ದೊಡ್ಡದನ್ನು ಮುಟ್ಟಿಸುವುದು ಚಿಕ್ಕಮ್ಮನ ಡಿಪೋದ ಕೆಲಸ. ವ್ಯಾನು ಎರಡೇ. ಸೇತುವೆಯ ಮೇಲೆ ಕಂಬ ಉರುಳಿ ದಾರಿ ಮುಚ್ಚಿದೆ, ಹಳೇ ಬಡಾವಣೆಗೆ ಸುತ್ತಿಕೊಂಡೇ ಹೋಗಬೇಕು. ಆಂಬುಲೆನ್ಸಿನವರು ಫೋನೇ ಎತ್ತುತ್ತಿಲ್ಲ.

ಹುಡುಗಿ ಮಾಡಿದ್ದ ಪ್ರೋಗ್ರಾಂ ಮಾತನ್ನು ಲೆಕ್ಕವಾಗಿಸುತ್ತಿತ್ತು. ಕಷ್ಟವನ್ನು ಆಡುಮಾತಿನಲ್ಲಿ ಹೇಳಿದರೆ ಸಾಕು, ಸಮೀಕರಣಗಳ ಕೋಡ್ ಬರೆದು, ಬಿಡಿಸಿ, ಯಾವ ವ್ಯಾನು ಯಾವ ಮನೆಗೆ ಯಾವಾಗ ಎಂದು ಒಪ್ಪಿಸುತ್ತಿತ್ತು. ಆ ಕೋಡನ್ನು ತಿರುಗಿ ಮಾತಾಗಿಸಿ ಚಿಕ್ಕಮ್ಮನಿಗೆ ಓದಿ ಹೇಳುವುದು ಹುಡುಗಿಯ ಪದ್ಧತಿ. ಯಂತ್ರ ಒಂದನ್ನು ಇನ್ನೊಂದಾಗಿ ತಿಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

"ಇನ್ನೊಂದು ಸಲ ಓದ್ತೀನಿ, ಕೇಳು. ಪ್ರತಿ ಮನೆಗೂ ಒಂದು ವ್ಯಾನ್ ಹೋಗಲೇಬೇಕು."

"ಹೋಗಲೇಬೇಕು."

"ಆ ಮನೆಯ ಸಿಲಿಂಡರ್ ಮುಗಿಯೋಕೆ ಮೊದಲು."

"ಮತ್ತಿನ್ನೇನು, ಆಮೇಲೆ ಹೋಗಿ ಯಾರ ಮುಖ ನೋಡೋದು?"

"ಡ್ರೈವರ್ ಊಟಕ್ಕೆ ನಿಲ್ಲೋದನ್ನ ತೆಗೆದಿದ್ದೀನಿ. ಗಾಡಿ ಸಂಜೆ ವಾಪಸ್ ಬರಬೇಕು ಅನ್ನೋದನ್ನೂ ತೆಗೆದೆ."

"ಇನ್ನೇನಂತೆ ಅದಕ್ಕೆ ರೋಗ?"

"ರೋಗ ಇಲ್ಲ ಚಿಕ್ಕಮ್ಮ. ಎಲ್ಲಾ ಸರಿಯಾಗೇ ಬರೆದಿದೆ. ಅದಕ್ಕೇ ಭಯ ಆಗ್ತಿದೆ."

ತಪ್ಪಿದ್ದಿದ್ದರೆ ತಿದ್ದಬಹುದಿತ್ತು. ಈಗ ಉಳಿದದ್ದು ಒಂದೇ ದಾರಿ. 'ಹೋಗಲೇಬೇಕು' ಅನ್ನುವುದನ್ನು 'ಆದಷ್ಟೂ ಹೋಗಬೇಕು' ಎಂದು ಸಡಿಲಿಸಿ, ಬಿಟ್ಟುಹೋದ ಮನೆಗೊಂದು ದಂಡ ಕಟ್ಟುವುದು. ಆ ದಂಡ ತಪ್ಪಿಸಿಕೊಳ್ಳಲು ಯಂತ್ರ ತಿಣುಕಾಡುತ್ತದೆ.

"ಒಂದು ಮನೆ ಬಿಟ್ಟರೆ ಎಷ್ಟು ದಂಡ ಹಾಕಲಿ?"

"ದಂಡನಾ? ಯಾರಿಗೆ?"

"ಲೆಕ್ಕಕ್ಕೆ. ಒಂದು ಸಂಖ್ಯೆ ಹೇಳು."

ಚಿಕ್ಕಮ್ಮ ಸೆರಗಿಗೆ ಕೈಯೊರೆಸಿಕೊಂಡಳು. "ಕೋಟಿ ಹಾಕು. ಹೆದರಲಿ ಮುಂಡೇದು."

ಹುಡುಗಿ ಕೋಟಿ ಹಾಕಿದಳು. ಮುಂಡೇದು ಹೆದರಲಿಲ್ಲ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ ಕೊಟ್ಟಿತು. ಎರಡೂ ವ್ಯಾನುಗಳ ದಾರಿ, ಮನೆಗಳ ಸರದಿ, ಎಲ್ಲ ಅಚ್ಚುಕಟ್ಟು. ಕೊನೆಯಲ್ಲೊಂದು ಸಾಲು: ಬಿಟ್ಟ ಮನೆ, ಹಳೇ ಬಡಾವಣೆ, ರೆಫ್ರಿ.

ಫುಟ್‌ಬಾಲ್ ಮೈದಾನದಲ್ಲಿ ಸೀಟಿ ಊದಿಕೊಂಡಿದ್ದವನು ರೆಫ್ರಿ. ಈಗ ಊದಲು ಉಸಿರಿಲ್ಲ, ಬಾಯಿಗೇನೂ ಕಡಿಮೆಯಿಲ್ಲ. ಸಿಲಿಂಡರ್ ತಡವಾದರೆ ಫೋನಿನಲ್ಲೇ ಚಿಕ್ಕಮ್ಮನಿಗೆ ಹಳದಿ ಕಾರ್ಡ್ ತೋರಿಸುವವನು.

"ಅವನ ಮನೆಗೆ ಮಾತ್ರ ಜಾಸ್ತಿ ಹಾಕೇ. ಇನ್ನೊಂದು ಸೊನ್ನೆ ಸೇರಿಸು," ಎಂದಳು ಚಿಕ್ಕಮ್ಮ.

ಸೇರಿಸಿದಳು. ರೆಫ್ರಿಯ ಮನೆ ದಾರಿಯೊಳಕ್ಕೆ ಬಂತು. ಕೊನೆಯ ಸಾಲಿಗೆ ಹಿಟ್ಟಿನ ಗಿರಣಿ ಹಿಂದಿನ ಎಳೆಮಗುವಿನ ಮನೆ ಇಳಿಯಿತು.

ಹುಡುಗಿ ಕೆಂಡ ಮುಟ್ಟಿದವಳಂತೆ ಆ ಸೊನ್ನೆಯನ್ನು ಅಳಿಸಿಬಿಟ್ಟಳು. ಅಳಿಸಿದ ಮೇಲೆ ಹೊಳೆಯಿತು: ಈ ಸಲ ರೆಫ್ರಿಯನ್ನು ಬಿಟ್ಟದ್ದು ಯಂತ್ರವಲ್ಲ.

ಹೊರಗೆ ವ್ಯಾನಿನವರು ಹಾರ್ನ್ ಬಾರಿಸಿದರು. ಚಿಕ್ಕಮ್ಮ ಹೋಗಿ ಪರದೆಯಲ್ಲಿದ್ದಂತೆಯೇ ದಾರಿ ಹೇಳಿ ಕಳಿಸಿ ಬಂದಳು. ದನಿ ಸಣ್ಣದಾಗಿತ್ತು. "ಮೊದಲೇ ಚೆನ್ನಾಗಿತ್ತು ಕಣೇ. ಗಾಡಿ ತುಂಬ್ಕೊಂಡು ಹೊರಟುಬಿಡ್ತಿದ್ವಿ. ಯಾರಿಗೆ ತಲುಪಲ್ಲ ಅಂತ ಹೊರಡೋವಾಗ ಗೊತ್ತಿರ್ತಿರಲಿಲ್ಲ."

ಆಮೇಲೆ ಉಳಿದ ಸಿಲಿಂಡರೊಂದನ್ನು ಎಳೆದು ತಂದು ತನ್ನ ಸ್ಕೂಟರಿನ ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯತೊಡಗಿದಳು.

"ಈ ಸ್ಕೂಟರ್ ನಿನ್ನ ಲೆಕ್ಕದಲ್ಲಿ ಇಲ್ಲ ತಾನೇ?"

"ಇಲ್ಲ. ಚಿಕ್ಕಮ್ಮ, ಈ ಗಾಳೀಲಿ, ಅಷ್ಟು ಭಾರ..."

"ಲೆಕ್ಕದಲ್ಲಿ ಇಲ್ಲದೇ ಇರಲಿ, ಅದೇ ಒಳ್ಳೇದು." ಸ್ಕೂಟರ್ ಒಮ್ಮೆ ಓಲಾಡಿ, ನೆಟ್ಟಗಾಗಿ, ತಿರುವಿನಲ್ಲಿ ಮರೆಯಾಯಿತು.

ಖಾಲಿ ಡಿಪೋದಲ್ಲಿ ತಗಡಿನ ಮಾಡು ಪಟಪಟ ಬಡಿದುಕೊಳ್ಳುತ್ತಿತ್ತು. ಹುಡುಗಿಯ ಕೈ ಸುಮ್ಮನಿರಲಿಲ್ಲ. ಬರೆದಳು: ಮೂರನೆಯ ಗಾಡಿ ಒಂದಿದೆ, ಸ್ಕೂಟರು. ಒಂದೇ ಸಿಲಿಂಡರು. ಸುತ್ತುದಾರಿ, ಎದುರುಗಾಳಿ, ಈಗ ಹೊರಟಿದೆ. ಕೋಡ್ ಮೂಡಿತು. ಓದಿ ನೋಡಿದಳು, ಒಂದಕ್ಷರವೂ ತಪ್ಪಿರಲಿಲ್ಲ. ಒಂದು ಕೀ ಒತ್ತಿದರೆ ಉತ್ತರ. ಬೆರಳನ್ನು ಅದರ ಮೇಲಿಟ್ಟಳು.

ಫೋನ್ ಹೊಡೆದುಕೊಂಡಿತು.

"ಡಿಪೋನಾ? ನಾನು... ರೆಫ್ರಿ." ಒಂದೊಂದು ಮಾತಿನ ಹಿಂದೆಯೂ ಸೀಟಿಯಂಥ ಸಣ್ಣ ಉಸಿರು. "ಇಲ್ಲಿ ಎಕ್ಸ್‌ಟ್ರಾ ಟೈಮ್... ನಡೀತಿದೆ. ನಿಮ್ಮ ಚಿಕ್ಕಮ್ಮ... ಹೊರಟ್ರಾ?"

"ಹೊರಟಿದ್ದಾರೆ ಅಂಕಲ್. ನಿಮ್ಮ ಮನೆಗೇ."

"ತಲುಪ್ತಾರೆ... ತಾನೇ? ನೀನು ಲೆಕ್ಕದವಳು... ನೋಡಿ ಹೇಳು."

ಕೀ ಮೇಲಿದ್ದ ಬೆರಳನ್ನು ಹುಡುಗಿ ಮಡಚಿಕೊಂಡಳು. ಮುಷ್ಟಿ ಬಿಗಿದು ಆ ಕೈಯನ್ನು ಮೇಜಿನ ಕೆಳಗೆ, ಪರದೆಗೆ ಕಾಣದಂತೆ, ಬಚ್ಚಿಟ್ಟುಕೊಂಡಳು.

"ನೋಡಿದೆ ಅಂಕಲ್," ಎಂದಳು. "ತಲುಪ್ತಾರೆ."