ಎಷ್ಟು ನೀರು ಬರಬೇಕು?

“ನಿಮ್ಮ ಮನೆಗೆ ಎಷ್ಟು ನೀರು ಬಂದಿತ್ತು ಸಾರ್?”

“ಎಷ್ಟು ಬರಬೇಕು ಹೇಳಮ್ಮ?”

ಸಂಘದ ಕೋಣೆಯಲ್ಲಿ ನಗು ಎದ್ದಿತು. ಟೈಪಿಸ್ಟ್ ನಗಲಿಲ್ಲ. ಕೀಲಿಗಳ ಮೇಲೆ ಬೆರಳಿಟ್ಟು ಕಾದಳು. ಕಾಲೊನಿ ಸಂಘದ ಕಾರ್ಯದರ್ಶಿ ಹೊಟ್ಟೆ ಸವರಿಕೊಂಡು, “ಸೊಂಟದವರೆಗೆ ಅಂತ ಹಾಕು,” ಎಂದ.

“ನೀವು ಹೇಳಿದ್ದನ್ನೇ ಹಾಕೋದು. ಇದು ಪ್ರಮಾಣಪತ್ರ. ಯೋಚನೆ ಮಾಡಿ ಹೇಳಿ.”

“ಯೋಚನೆ ಮಾಡಿದ್ರೆ ಎದೆಮಟ್ಟ ಆಗಿಬಿಡುತ್ತೆ ನೋಡು!”

ಸೊಂಟಕ್ಕೇ ನಿಂತಿತು. ಮುಂದಿನ ಕುರ್ಚಿಗೆ ದಂತವೈದ್ಯ ಬಂದ. “ನಂದು ಎದೆಮಟ್ಟ ಬರಿ. ನಾನೇ ಗಿಡ್ಡ, ಅಂಥ ದೊಡ್ಡ ಸುಳ್ಳೇನಲ್ಲ.” ಅವನ ಹೆಂಡತಿ ಹಿಂದಿನಿಂದ ಬಗ್ಗಿದಳು. “ಫ್ರಿಜ್ ತೇಲಿತ್ತು ಅಂತಾನೂ ಸೇರಿಸಿ.”

“ಫ್ರಿಜ್ ತಗೊಂಡಿದ್ದು ಮೊನ್ನೆಯಲ್ವೇನೇ?”

“ಹಳೇದು ಕಣ್ರೀ! ಹಳೇ ಫ್ರಿಜ್ ತೇಲಬಾರದಾ?”

ಹಳೆಯ ಫ್ರಿಜ್ ತೇಲಿತು.

ಅವರ ಅಂಜಿಕೆ ಮಾತ್ರ ಸುಳ್ಳಲ್ಲ. ಕಾಲೊನಿಗೂ ಕಡಲಿಗೂ ನಡುವೆ ಉಳಿದಿದ್ದ ಕೊನೆಯ ಜೌಗನ್ನು ಬಿಲ್ಡರ್ ಕೊಂಡಿದ್ದ. ಅದನ್ನು ಆಳೆತ್ತರ ಏರಿಸಿ ಐದು ಕಟ್ಟಡ ನಿಲ್ಲಿಸುವವನಿದ್ದ. ಕಡಲು ಉಬ್ಬಿದ ದಿನ ಆ ನೀರಿಗೆ ಹರಡಿಕೊಂಡು ಮಲಗಲು ಜೌಗು ಬೇಕು. ಜೌಗಿಗೆ ಮಣ್ಣು ಬಿದ್ದರೆ ನೀರು ಸುಮ್ಮನೆ ವಾಪಸು ಹೋಗುವುದಿಲ್ಲ. ಪಕ್ಕದವರ ಬಾಗಿಲು ಹುಡುಕಿಕೊಂಡು ಬರುತ್ತದೆ.

ಇದನ್ನು ಟೈಪಿಸ್ಟಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ಹದಿನೈದರ ವಯಸ್ಸಿನಲ್ಲಿ, ನೀರು ತೊಡೆಗೆ ಏರುತ್ತಿದ್ದಾಗ, ಅವಳು ಪುಟ್ಟ ತಂಗಿಯನ್ನು ಕಬ್ಬಿಣದ ಬೀರುವಿನ ಮೇಲೆ ಕೂರಿಸಿದ್ದಳು. ಕಬ್ಬಿಣ ಅಲುಗುವುದಿಲ್ಲ ಎಂದು ನಂಬಿದ್ದಳು. ಬೀರು ಮಗುಚಿತು. ಜೌಗಿಗೆ ಮಣ್ಣು ಸುರಿದವರನ್ನು ಬೀದಿಗೆ ತರದೆ ಬಿಡುವುದಿಲ್ಲವೆಂದು ಅವಳು ಅಂದೇ ನಿರ್ಧರಿಸಿದಳು. ಆಮೇಲೆ ಟೈಪಿಂಗ್ ಕಲಿತು, ನ್ಯಾಯಮಂಡಳಿಯ ಕಟ್ಟಡದೆದುರು ಮೇಜು ಹಾಕಿಕೊಂಡು, ಊರಿನವರ ಅರ್ಜಿಗಳನ್ನೆಲ್ಲ ಬರೆದಳು. ಯಾವ ಮಾತಿಗೆ ನ್ಯಾಯಾಧೀಶರ ಲೇಖನಿ ನಿಲ್ಲುತ್ತದೆ, ಯಾವುದಕ್ಕೆ ಓಡುತ್ತದೆ ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಪರಿಚಿತವಾಯಿತು.

ಕಾಲೊನಿಯವರು ವಕೀಲನನ್ನು ಹುಡುಕುತ್ತಿದ್ದಾಗ, ಅರ್ಜಿ ಬರೆದುಕೊಡಲು ಅವಳೇ ಮುಂದೆ ಬಂದಳು. ಫೀಸು ಬೇಡವೆಂದಳು. “ಇಂಥ ಪುಣ್ಯಾತ್ಗಿತ್ತಿ ಎಲ್ಲಿದ್ದೆ ತಾಯಿ ಇಷ್ಟು ದಿನ!” ಎಂದು ಕಾರ್ಯದರ್ಶಿ ಕೈಮುಗಿದ. “ಹತ್ತಿರದಲ್ಲೇ ಇದ್ದೆ,” ಎಂದಳು.

ಒಂದು ಮಧ್ಯಾಹ್ನ ಬಿಲ್ಡರನ ಮ್ಯಾನೇಜರು ಅವಳ ಮೇಜಿನ ಮುಂದೆ ಕುಕ್ಕರಿಸಿದ.

“ಏನಕ್ಕಾ, ನಮ್ಮ ಮೇಲೆ ಯಾಕಿಷ್ಟು ಹಲ್ಲು ಮಸೀತೀಯ?”

“ಜೌಗಿಗೆ ಮಣ್ಣು ಹಾಕಿದವರ ಮೇಲೆ ನಂಗೆ ಸಿಟ್ಟು.”

“ಅಯ್ಯೋ, ನಾವಿನ್ನೂ ಒಂದು ಬುಟ್ಟೀನೂ ಹಾಕಿಲ್ವಲ್ಲಕ್ಕಾ!”

“ಹಾಕೋಕೆ ಬಿಡಲ್ಲ. ಏಳು, ಬೆಳಕಿಗೆ ಅಡ್ಡ ಬಂದಿದ್ದೀಯ.”

ನಲವತ್ತೊಂದು ಮನೆ, ನಲವತ್ತೊಂದು ಪ್ರಮಾಣಪತ್ರ. ಎಲ್ಲದರ ಕೊನೆಯಲ್ಲೂ ಒಂದು ಸಾಲನ್ನು ಮನೆಯವರ ಕೈಯಿಂದಲೇ ಬರೆಸಿದಳು: ‘ಈ ನೆಲ ಮನುಷ್ಯರ ವಾಸಕ್ಕೆ ಯೋಗ್ಯವಲ್ಲ.’ ಬಿಲ್ಡರನ ಮುಖಕ್ಕೆ ರಾಚಿದಂತೆ ಅವರು ಅದನ್ನು ದಪ್ಪಕ್ಷರದಲ್ಲಿ ಬರೆದರು. ಕೆಲವರು ಅಡಿಗೆರೆಯನ್ನೂ ಎಳೆದರು. ಜತೆಗೆ ಹನ್ನೆರಡು ಪುಟದ ಅರ್ಜಿ.

“ಪೂರ್ತಿ ಓದಿ ಸೈನು ಮಾಡಿ,” ಎಂದಳು ಟೈಪಿಸ್ಟ್.

“ಬಿಲ್ಡರನ ಹೆಸರು ಮೊದಲನೇ ಪುಟದಲ್ಲೇ ಇದೆಯಲ್ಲ, ಸಾಕು,” ಎಂದ ದಂತವೈದ್ಯ.

“ಇನ್ನೊಂದು ಸಲ ಹೇಳ್ತೀನಿ. ಕೊನೇ ಪುಟದವರೆಗೂ ಓದಿ.”

“ಬರೆದವಳು ನೀನು. ನಿನ್ನ ಮೇಲೆ ನಮಗೆ ಅನುಮಾನಾನಾ?” ಎಂದು ಕಾರ್ಯದರ್ಶಿ ಪುಟಗಳನ್ನು ಮಗುಚುತ್ತ ಹನ್ನೆರಡು ಸಹಿ ಹಾಕಿದ. ಹಿಂದೆಯೇ ಉಳಿದವರೂ ಹಾಕಿದರು.

ವಿಚಾರಣೆಯ ದಿನ ನ್ಯಾಯಾಧೀಶೆ ಪ್ರತಿಯೊಬ್ಬರನ್ನೂ ಎಬ್ಬಿಸಿ ನಿಲ್ಲಿಸಿದಳು. “ಇದು ನಿಮ್ಮದೇ ಕೈಬರಹವೇ? ಬರೆದದ್ದು ಸತ್ಯವೇ?” ನಲವತ್ತೊಂದು ಬಾಯಿ ಸತ್ಯವೆಂದವು. ಬಿಲ್ಡರನ ವಕೀಲ ಫೈಲು ಮುಚ್ಚಿದ.

ಹತ್ತು ದಿನದ ನಂತರ ಅದೇ ಕೋಣೆಯಲ್ಲಿ ನ್ಯಾಯಾಧೀಶೆ ಆದೇಶ ಓದಿದಳು. ಕಟ್ಟಡಗಳಿಗೆ ಅನುಮತಿ ಇಲ್ಲ, ಜೌಗಿಗೆ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಕಾಲೊನಿಯವರು ಕುರ್ಚಿ ಬಿಟ್ಟೆದ್ದು ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿ ಟೈಪಿಸ್ಟಳತ್ತ ತಿರುಗಿ ಹೆಬ್ಬೆರಳೆತ್ತಿದ.

“ಕುಳಿತುಕೊಳ್ಳಿ,” ಎಂದಳು ನ್ಯಾಯಾಧೀಶೆ. “ಅರ್ಜಿದಾರರ ಎರಡನೇ ಕೋರಿಕೆ ಹನ್ನೊಂದನೇ ಪುಟದಲ್ಲಿದೆ. ವಾಸಕ್ಕೆ ಯೋಗ್ಯವಲ್ಲದ ಈ ಪ್ರದೇಶದಿಂದ ತಮ್ಮನ್ನೂ ತೆರವುಗೊಳಿಸಬೇಕೆಂದು ಅವರು ಕೇಳಿದ್ದಾರೆ. ಅದನ್ನೂ ಪುರಸ್ಕರಿಸಿದ್ದೇನೆ. ನಲವತ್ತೊಂದು ಮನೆಗಳನ್ನು ಮೂರು ತಿಂಗಳಲ್ಲಿ ಖಾಲಿ ಮಾಡಿಸಿ, ಕೆಡವಿ, ಮಣ್ಣೆತ್ತಿ, ನೆಲವನ್ನು ಮತ್ತೆ ಜೌಗಾಗಿಸಬೇಕು.”

ದಂತವೈದ್ಯನ ಹೆಂಡತಿ ಗಂಡನ ತೋಳು ಚಿವುಟಿದಳು. ಕಾರ್ಯದರ್ಶಿ ತಡಬಡಿಸಿ ಎದ್ದ.

“ಸ್ವಾಮಿ, ಅಮ್ಮಾ... ಏನೋ ತಪ್ಪಾಗಿದೆ. ನಮ್ಮ ಮನೇಲಿ ಅಂಗಾಲೂ ನೆನೆದಿಲ್ಲ!”

“ಹಾಗಾದರೆ ನನ್ನೆದುರು ನೀವು ಮಾಡಿದ್ದು ಸುಳ್ಳು ಪ್ರಮಾಣವೇ? ಅದಕ್ಕೆ ಜೈಲಿದೆ. ಬರೆದುಕೊಳ್ಳಲೇ?”

ಕಾರ್ಯದರ್ಶಿ ಕುಳಿತ. ನಲವತ್ತೊಂದು ಮನೆಯವರಲ್ಲಿ ಯಾರೂ ಏಳಲಿಲ್ಲ.

ಹೊರಗಿನ ಮೆಟ್ಟಿಲ ಮೇಲೆ ಅವನು ಅವಳನ್ನು ಅಡ್ಡಗಟ್ಟಿದ. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿ. “ನಿನ್ನನ್ನ ಮನೆಮಗಳ ಥರ ನೋಡ್ಕೊಂಡ್ವಲ್ಲೇ! ನಾವೇನು ಮಾಡಿದ್ವಿ ನಿಂಗೆ?”

“ಹತ್ತೊಂಬತ್ತು ವರ್ಷದ ಹಿಂದೆ, ನಿಮ್ಮ ಅಂಗಾಲು ನೆನೀಬಾರದು ಅಂತ ಮಣ್ಣು ಸುರಿಸಿ ಈ ಕಾಲೊನಿ ಕಟ್ಟಿಕೊಂಡ್ರಲ್ಲ ಸಾರ್, ಆ ನೀರು ನಮ್ಮ ಮನೆಗೆ ಬಂತು,” ಎಂದಳು ಟೈಪಿಸ್ಟ್.